ವಾಹನದ ಬ್ಯಾಟರಿಯಿಂದ ಮನೆಗೆ ವಿದ್ಯುತ್
(ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸ)



2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ಬಳಿಕ ಜಪಾನಿನ ಈಶಾನ್ಯ ಭಾಗದಲ್ಲಿ ಪೆಟ್ರೋಲ್ ದೊರೆಯುವುದೇ ದುಸ್ತರವಾಯಿತು. ಅನೇಕ ಕಡೆ ಇಂಧನಕ್ಕಿಂತ ಮೊದಲು ವಿದ್ಯುತ್ ಮರಳಿದುದರಿಂದ ಪರಿಹಾರ ಕಾರ್ಯಕ್ಕೆ ವಿದ್ಯುತ್ ವಾಹನಗಳು ನೆರವಾದವು. ಚಕ್ರ ತಿರುಗಿಸುವ ಬ್ಯಾಟರಿಯು ಮನೆಯ ದೀಪವನ್ನೂ ಏಕೆ ಬೆಳಗಬಾರದೆಂಬ ವಿಚಾರಕ್ಕೆ ಆಗ ಬಲ ಬಂದಿತು. 2012ರಲ್ಲಿ ನಿಸ್ಸಾನ್ ಸಂಸ್ಥೆಯ ಲೀಫ್ ಕಾರಿನಿಂದ ಮನೆಗೆ ವಿದ್ಯುತ್ ಹರಿಸುವ ಉಪಕರಣವು ಅಲ್ಲಿ ಮಾರಾಟಕ್ಕೆ ಬಂದಿತು. 2019ರ ಸೆಪ್ಟೆಂಬರಿನಲ್ಲಿ ಚಂಡಮಾರುತದಿಂದ ಚಿಬಾ ಪ್ರಾಂತದ ಲಕ್ಷಾಂತರ ಮನೆಗಳು ಕತ್ತಲಾದಾಗ, ಇಂತಹ ಕಾರುಗಳು ಫ್ಯಾನುಗಳಿಗೂ ಮೊಬೈಲುಗಳಿಗೂ ವಿದ್ಯುತ್ ಒದಗಿಸಿದವು.

ಆರಂಭದ ಲೀಫ್ ಕಾರಿನ ಬ್ಯಾಟರಿಯ ಸಾಮರ್ಥ್ಯ 24 ಕಿಲೋವ್ಯಾಟ್ ಗಂಟೆ. ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ 24 ಯೂನಿಟ್. ದಿನಕ್ಕೆ 2 ಯೂನಿಟ್ ಬಳಸುವ ಹಳ್ಳಿಯ ಮನೆಗೆ ಇದು ವಾರಕ್ಕೂ ಮೀರಿ ಸಾಕಾದೀತು. ಆದರೆ ಕುಡಿಯುವ ನೀರಿನ ಕೊಳವೆಬಾವಿಯ ವಿಷಯ ಬೇರೆ. 10 ಎಚ್.ಪಿ. ಮೋಟಾರಿಗೆ ಸುಮಾರು 7.5 ಕಿಲೋವ್ಯಾಟ್, ಚಾಲೂ ಆಗುವಾಗ ಅದಕ್ಕಿಂತಲೂ ಹೆಚ್ಚು, ಅದೂ ಮೂರು ಫೇಸಿನ ವಿದ್ಯುತ್ ಬೇಕು. ಆ ಉಪಕರಣವು ಕೊಡುತ್ತಿದ್ದುದು ಗರಿಷ್ಠ 6 ಕಿಲೋವ್ಯಾಟ್. ದೀಪ ಉರಿದ ಮಾತ್ರಕ್ಕೆ ನೀರು ಬರುವುದೆಂದು ಗ್ರಾಮಸಭೆಯಲ್ಲಿ ಭರವಸೆ ನೀಡುವುದು ತರವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಕಂಬದ ಮೇಲಿರುವ ಲೈನ್‌ಮನ್‌ನ ಪ್ರಾಣ. ವಾಹನದ ವಿದ್ಯುತ್ತನ್ನು ಗೋಡೆಯ ಪ್ಲಗ್ಗಿನ ಮೂಲಕ ಮನೆಯ ವೈರಿಂಗಿಗೆ ಹರಿಸಿದರೆ ಅದು ಮನೆಯಲ್ಲೇ ನಿಲ್ಲುವುದಿಲ್ಲ. ಸರ್ವಿಸ್ ತಂತಿಯಿಂದ ಬೀದಿಯ ಮಾರ್ಗಕ್ಕೆ ಸೇರುತ್ತದೆ. ಟಿ.ಸಿ.ಯು 11,000 ವೋಲ್ಟನ್ನು ಇಳಿಸುವಂತೆಯೇ, ಹಿಂದಿನಿಂದ ಬಂದ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ಸರಬರಾಜು ನಿಂತಿದೆಯೆಂದು ನಂಬಿ ತಂತಿ ಮುಟ್ಟಿದವನ ಗತಿಯನ್ನು ಹೇಳಬೇಕಾಗಿಲ್ಲ. ಜನರೇಟರಿನಲ್ಲಿಯೂ ಇದೇ ಅಪಾಯವುಂಟು. ಆದ್ದರಿಂದ ಮನೆಯನ್ನು ಮಾರ್ಗದಿಂದ ಪೂರ್ತಿ ಬೇರ್ಪಡಿಸುವ ಚೇಂಜ್ ಓವರ್ ಸ್ವಿಚ್ ಕಡ್ಡಾಯವಾಗಿರತಕ್ಕದ್ದು. ಅದನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಅಳವಡಿಸಬೇಕು. ಮಾರ್ಗಕ್ಕೇ ವಿದ್ಯುತ್ ಮಾರುವುದಾದರೆ, ಮೇಲ್ಛಾವಣಿ ಸೌರ ಘಟಕಗಳಂತೆ ಎಸ್ಕಾಂ ಅನುಮೋದನೆಯೂ ಎರಡೂ ದಿಕ್ಕಿನ ಹರಿವನ್ನು ಅಳೆಯುವ ಮೀಟರೂ ಬೇಕು. ಮಾರ್ಗದ ಸರಬರಾಜು ನಿಂತೊಡನೆ ತಾನೂ ನಿಲ್ಲುವಂತಹ ಇನ್ವರ್ಟರೇ ಇರಬೇಕು.

ಎಲ್ಲ ವಿದ್ಯುತ್ ವಾಹನಗಳೂ ವಿದ್ಯುತ್ತನ್ನು ಹಿಂದಕ್ಕೆ ಕೊಡಲಾರವು. ಕಸ ಸಂಗ್ರಹಣೆಗೆ ವಿದ್ಯುತ್ ಆಟೋ ಖರೀದಿಸುವ ಪಂಚಾಯಿತಿಗಳು ಈ ಸೌಲಭ್ಯವಿದೆಯೇ, ಬಳಸಿದರೆ ಬ್ಯಾಟರಿಯ ವಾರಂಟಿ ಉಳಿಯುವುದೇ ಎಂಬುದನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯುವುದು ಸೂಕ್ತ. ರಾತ್ರಿ ಕಚೇರಿಯ ದೀಪಕ್ಕೆ ಬ್ಯಾಟರಿ ಬರಿದಾದರೆ ಬೆಳಿಗ್ಗೆ ಕಸದ ಗಾಡಿ ಹೊರಡದು. ಕನಿಷ್ಠ ಒಂದು ಸುತ್ತಿಗೆ ಸಾಕಾಗುವಷ್ಟು ಚಾರ್ಜ್ ಉಳಿಸುವ ಹೊಣೆ ಯಾರದೆಂಬುದನ್ನು ಸಾಮಾನ್ಯ ಸಭೆಯ ನಡಾವಳಿಯಲ್ಲೇ ದಾಖಲಿಸಬಹುದು.