ತಪಾಸಣೆಯ ಬಳಿಕ ಹೆತ್ತವರನ್ನು ಕೇಳಿದವರು ಯಾರು?

(ನವಜಾತ ಶಿಶುಗಳ ಶ್ರವಣ ತಪಾಸಣೆಯ ಕುರಿತು ಮಂಗಳೂರಿನಲ್ಲಿ ಹೆತ್ತವರು ಮತ್ತು ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಮಗು ಹುಟ್ಟಿದೊಡನೆ ಅದರ ಕಿವಿಯಲ್ಲಿ ಅದಾನ್ ಹೇಳುವ ಸಮುದಾಯ ನಮ್ಮದು. ಆದರೆ ಆ ಧ್ವನಿ ಮಗುವಿಗೆ ಕೇಳಿಸುತ್ತಿದೆಯೇ ಎಂದು ವಿಚಾರಿಸುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಪ್ರತಿ ಸಾವಿರ ಶಿಶುಗಳಲ್ಲಿ ಒಂದರಿಂದ ಮೂರು ಶಿಶುಗಳು ಹುಟ್ಟುವಾಗಲೇ ಶ್ರವಣದೋಷವನ್ನು ಹೊಂದಿರುತ್ತವೆ ಎಂಬುದು ತಜ್ಞರ ಅಂದಾಜು. ಅವುಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ವಿಷಯದಲ್ಲಿ ಅವಧಿಪೂರ್ವ ಜನನ, ತೀವ್ರ ಕಾಮಾಲೆ, ಕುಟುಂಬದಲ್ಲಿ ಕಿವುಡುತನದಂತಹ ಯಾವ ಮುನ್ಸೂಚನೆಯೂ ಇರುವುದಿಲ್ಲ. ಆದ್ದರಿಂದಲೇ ಎಲ್ಲ ಶಿಶುಗಳನ್ನೂ ತಪಾಸಣೆಗೆ ಒಳಪಡಿಸಬೇಕೆಂದು ಹೇಳಲಾಗುತ್ತದೆ.

ಈ ತಪಾಸಣೆಯಲ್ಲಿ ಹೆದರುವಂಥದ್ದೇನೂ ಇಲ್ಲ. ಮಗು ನಿದ್ರಿಸುತ್ತಿರುವಾಗ ಕಿವಿಯಲ್ಲಿ ಮೃದುವಾದ ತುದಿಯೊಂದನ್ನಿಟ್ಟು ಮೆಲ್ಲನೆಯ ಸದ್ದನ್ನು ಕಳುಹಿಸಿದರೆ, ಆರೋಗ್ಯವಂತ ಒಳಗಿವಿಯು ಅತಿ ಸೂಕ್ಷ್ಮವಾದ ಮರುದನಿಯನ್ನು ಹೊರಡಿಸುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಿಸಿದ ಈ ಸಂಶೋಧನೆಯೇ ಇಂದಿನ ಓಎಇ ತಪಾಸಣೆಗೆ ಆಧಾರ. ನೋವಿಲ್ಲ, ಚುಚ್ಚುವುದಿಲ್ಲ, ಕೆಲವು ನಿಮಿಷಗಳು ಸಾಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ಜಗತ್ತಿನ ತಜ್ಞರು ಒಪ್ಪಿಕೊಂಡಿರುವ ಕ್ರಮ. ಆರು ತಿಂಗಳೊಳಗೆ ಗುರುತಿಸಲ್ಪಟ್ಟ ಮಕ್ಕಳ ಭಾಷೆ ತಡವಾಗಿ ಗುರುತಿಸಲ್ಪಟ್ಟವರಿಗಿಂತ ಗಣನೀಯವಾಗಿ ಉತ್ತಮವಾಗಿರುತ್ತದೆಂದು ಅಮೆರಿಕದ ಕೊಲರಾಡೋದಲ್ಲಿ ನಡೆದ ಅಧ್ಯಯನವು 1998ರಲ್ಲಿ ತೋರಿಸಿಕೊಟ್ಟಿತು.

ನಮ್ಮ ದೇಶದಲ್ಲಿ ಯೋಜನೆಗಳಿಗೆ ಕೊರತೆಯಿಲ್ಲ. ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 2006–07ರಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಕಿವುಡುತನವೂ ಸೇರಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಮಂಗಳೂರು ನಗರವಂತೂ ಶ್ರವಣ ತಜ್ಞರನ್ನು ತಯಾರು ಮಾಡುವ ಹಲವು ಕಾಲೇಜುಗಳಿರುವ ಊರು.

ಹಾಗಾದರೆ ಕೊಂಡಿ ಕಳಚುವುದೆಲ್ಲಿ? ಮೊದಲ ತಪಾಸಣೆಗೂ ಎರಡನೆಯ ತಪಾಸಣೆಗೂ ನಡುವೆ. ಮೊದಲ ಬಾರಿ ‘ರೆಫರ್’ ಎಂದು ಫಲಿತಾಂಶ ಬಂದ ಮಾತ್ರಕ್ಕೆ ಮಗು ಕಿವುಡು ಎಂದರ್ಥವಲ್ಲ. ಹೆರಿಗೆಯ ದ್ರವ ಕಿವಿಯಲ್ಲಿ ಉಳಿದಿದ್ದರೂ, ಮಗು ಅಳುತ್ತಿದ್ದರೂ ಹಾಗಾಗಬಹುದು. ಇಂತಹ ಹೆಚ್ಚಿನ ಮಕ್ಕಳು ಮರುತಪಾಸಣೆಯಲ್ಲಿ ಉತ್ತೀರ್ಣರಾಗುತ್ತಾರೆ. ಆದರೆ ನಿಜವಾಗಿ ಕೇಳಿಸದ ಮಗು ಇರುವುದೂ ಇವರ ನಡುವೆಯೇ. ಮರಳಿ ಬಾರದ ಮಕ್ಕಳ ಸಮಸ್ಯೆಯು ಜಗತ್ತಿನ ಅನೇಕ ತಪಾಸಣಾ ಕಾರ್ಯಕ್ರಮಗಳನ್ನು ಕಾಡುತ್ತಿದೆ.

ಅವರೇಕೆ ಮರಳುವುದಿಲ್ಲ? ‘ಅಜ್ಞಾನ’ ಎಂದುಬಿಡುವುದು ಸುಲಭ. ಆದರೆ ನಮ್ಮ ಮನೆಗಳ ರೀತಿಯನ್ನು ಗಮನಿಸೋಣ. ಹೆರಿಗೆ ತವರು ಮನೆಯಲ್ಲಿ, ಆಸ್ಪತ್ರೆಗೆ ಕೊಟ್ಟ ವಿಳಾಸ ಗಂಡನ ಮನೆಯದ್ದು. ಕೊಟ್ಟ ಫೋನ್ ನಂಬರ್ ರಜೆ ಮುಗಿಸಿ ಗಲ್ಫ್‌ಗೆ ಮರಳಿದ ಪತಿಯದ್ದು. ತಿಂಗಳೊಳಗೆ ಬನ್ನಿ ಎನ್ನುತ್ತದೆ ಆಸ್ಪತ್ರೆ, ನಲ್ವತ್ತು ಕಳೆಯದೆ ಬಾಣಂತಿ ಹೊಸ್ತಿಲು ದಾಟಬಾರದು ಎನ್ನುತ್ತಾರೆ ಮನೆಯ ಹಿರಿಯರು. ಮಾತು ತಡವಾದರೆ, ‘ಇವನ ತಂದೆಯೂ ತಡವಾಗಿಯೇ ಮಾತನಾಡಿದ್ದ’ ಎಂಬ ಸಮಾಧಾನ. ಹೆಣ್ಣು ಮಗುವಾದರೆ, ವಿಷಯ ಹೊರಗೆ ತಿಳಿದರೆ ಮುಂದೆ ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಭಯ. ಇವುಗಳಲ್ಲಿ ಯಾವುದು ಎಷ್ಟು ಮನೆಗಳಲ್ಲಿ ಅಡ್ಡಿಯಾಗುತ್ತಿದೆ? ಹೆತ್ತವರನ್ನು ಕೇಳದ ಹೊರತು ಇದಕ್ಕೆ ಉತ್ತರ ಸಿಗದು.

ಸಮೀಕ್ಷೆಗಳು ನಡೆದೇ ಇಲ್ಲವೆಂದಲ್ಲ. ಶಿಶುಗಳ ಶ್ರವಣದೋಷದ ಕುರಿತು ಕರ್ನಾಟಕದ ತಾಯಂದಿರ ತಿಳುವಳಿಕೆ ಮತ್ತು ಮನೋಭಾವವನ್ನು ಅರಿಯಲು ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಅದು ಅಗತ್ಯವಾದ ಕೆಲಸ. ಆದರೆ ತಾಯಿಗೆ ಏನು ಗೊತ್ತಿದೆ ಎಂದು ಕೇಳಿದಂತೆಯೇ, ಆಕೆಗೆ ಏನನ್ನು ತಿಳಿಸಲಾಯಿತು ಎಂದೂ ಕೇಳಬೇಕಾಗಿದೆ. ಇಂಗ್ಲೆಂಡಿನಲ್ಲಿ ತಾಯಂದಿರನ್ನು ಕೇಳಿ ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನವು ಇದರ ಮಹತ್ವವನ್ನು ಎತ್ತಿ ತೋರಿಸಿತು. ಮರುತಪಾಸಣೆಗೆ ಕರೆದರೆ ಮಗು ಕಿವುಡು ಎಂದರ್ಥವಲ್ಲ ಎಂಬುದನ್ನು ಅರಿತಿದ್ದ ತಾಯಂದಿರಲ್ಲಿ ಆತಂಕ ಕಡಿಮೆಯಿತ್ತು. ಒಂದು ಸರಿಯಾದ ಮಾತು ಎಷ್ಟೊಂದು ನಿದ್ದೆಗೆಟ್ಟ ರಾತ್ರಿಗಳನ್ನು ತಪ್ಪಿಸಬಲ್ಲದು!

ಇನ್ನೊಂದು ಸೂಕ್ಷ್ಮವಿದೆ. ಆಸ್ಪತ್ರೆಯಲ್ಲಿ ಕುಳಿತು ಅಭಿಪ್ರಾಯ ಕೇಳಿದರೆ ಉತ್ತರಿಸುವವರು ಮರಳಿ ಬಂದವರು ಮಾತ್ರ. ಬಾರದವರ ಮಾತು ಆ ಕಾಗದದಲ್ಲಿ ದಾಖಲಾಗುವುದೇ ಇಲ್ಲ. ಆದ್ದರಿಂದ ಕುದ್ರೋಳಿ, ಬಂದರ್, ಕೃಷ್ಣಾಪುರ, ಉಳ್ಳಾಲಗಳ ಮನೆಬಾಗಿಲಿಗೆ ಹೋಗಿ ಕೇಳುವ ಹೊಣೆ ಜಮಾಅತ್‌ಗಳ, ಮಹಿಳಾ ಸಂಘಟನೆಗಳ, ಯುವಕರ ಮೇಲಿದೆ. ನೆರೆಯ ಹಿಂದೂ, ಕ್ರೈಸ್ತ ಮನೆಗಳನ್ನೂ ಬಿಡಬಾರದು. ಕೇಳಿಸದ ಕಿವಿಗೆ ಜಾತಿ ಧರ್ಮಗಳಿಲ್ಲ.

ಏನನ್ನು ಕೇಳಬೇಕು? ಮಗುವಿನ ಶ್ರವಣ ತಪಾಸಣೆ ನಡೆಯಿತೇ? ಮೊದಲೇ ವಿವರಿಸಿದರೇ, ಯಾವ ಭಾಷೆಯಲ್ಲಿ? ಫಲಿತಾಂಶವನ್ನು ಬರೆದು ಕೊಟ್ಟರೇ? ‘ರೆಫರ್’ ಎಂದಾಗ ನೀವು ಏನೆಂದು ತಿಳಿದಿರಿ? ಮರಳಿ ಹೋಗಲು ದಿನ, ಸ್ಥಳ ತಿಳಿಸಿದರೇ? ಹೋದಿರಾದರೆ ಖರ್ಚೆಷ್ಟು, ಎಷ್ಟು ದಿನದ ಸಂಬಳ ಹೋಯಿತು? ಹೋಗಲಾಗದಿದ್ದರೆ ತಡೆದದ್ದೇನು? ಮೊದಲ ಸಂದೇಹದಿಂದ ಶ್ರವಣ ಸಾಧನದವರೆಗೆ ಎಷ್ಟು ತಿಂಗಳು ಕಳೆದವು?

ಹೇಗೆ ಕೇಳಬೇಕೆಂಬುದೂ ಅಷ್ಟೇ ಮುಖ್ಯ. ತಾಯಂದಿರನ್ನು ಮಹಿಳೆಯರೇ ಕೇಳಲಿ. ಬ್ಯಾರಿ, ತುಳು, ಉರ್ದು, ಕನ್ನಡ, ಆಕೆಯ ಮನೆಮಾತು ಯಾವುದೋ ಅದರಲ್ಲೇ ಕೇಳಲಿ. ಮೊದಲು ಅನುಮತಿ ಪಡೆಯಲಿ, ಹೆಸರು ಬರೆಯದಿರಲಿ, ಉತ್ತರಿಸಲು ಒಪ್ಪದವರನ್ನು ಒತ್ತಾಯಿಸದಿರಲಿ. ಅತ್ತೆ ಮಾವಂದಿರ ಎದುರು ಆಕೆಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಬೇಡ. ಮಗುವಿನ ಶ್ರವಣದೋಷವನ್ನು ತಾಯಿಯ ತಪ್ಪೆಂದು ದೂರುವುದು ಅನ್ಯಾಯ. ಕೇಳಿ, ಬರೆದುಕೊಂಡು, ಎದ್ದು ಬರುವುದೂ ಸಲ್ಲದು. ಸಂದೇಹವಿರುವ ಮಗುವನ್ನು ತಜ್ಞರ ಬಳಿಗೆ ತಲುಪಿಸುವವರೆಗೆ ಜೊತೆಗಿರಬೇಕು. ತಪಾಸಣೆಯಲ್ಲಿ ‘ಪಾಸ್’ ಆದ ಮಗುವಿಗೂ ಮೆದುಳು ಪೊರೆಯ ಸೋಂಕು, ಕೆಪ್ಪಟೆಯಂತಹ ಕಾಯಿಲೆಯಿಂದ ಮುಂದೆ ಶ್ರವಣ ಶಕ್ತಿ ಕುಂದಬಹುದು ಎಂಬುದನ್ನೂ ತಿಳಿಸಬೇಕು.

ಸಿಕ್ಕ ಉತ್ತರಗಳನ್ನು ಕಡತದಲ್ಲಿ ಮುಚ್ಚಿಡದೆ ಆಸ್ಪತ್ರೆಗಳ ಮುಂದೆ, ಜಿಲ್ಲಾಡಳಿತದ ಮುಂದೆ ಇಡೋಣ. ಫಲಿತಾಂಶವನ್ನು ತಾಯಿ ಕಾರ್ಡ್‌ನಲ್ಲಿ ಬರೆಯಿರಿ, ತವರಿನ ವಿಳಾಸವನ್ನೂ ತಾಯಿಯ ಸ್ವಂತ ನಂಬರನ್ನೂ ಪಡೆಯಿರಿ, ಲಸಿಕೆ ಹಾಕಿಸುವ ದಿನವೇ ಮರುತಪಾಸಣೆಗೆ ವ್ಯವಸ್ಥೆ ಮಾಡಿರಿ ಎಂದು ಕೇಳುವುದು ನಮ್ಮ ಹಕ್ಕು. ಜೊತೆಗೆ, ಮಗುವಿನ ತಪಾಸಣೆಗಾಗಿ ನಲ್ವತ್ತರೊಳಗೆ ಹೊಸ್ತಿಲು ದಾಟಿದರೆ ತಪ್ಪಿಲ್ಲವೆಂದು ನಮ್ಮ ಮನೆಯ ಹಿರಿಯರಿಗೆ ಮನವರಿಕೆ ಮಾಡಿಕೊಡುವುದು ನಮ್ಮ ಕರ್ತವ್ಯ. ತನಗೆ ಕೇಳಿಸುತ್ತಿಲ್ಲವೆಂದು ಹಸುಗೂಸು ದೂರು ಕೊಡಲಾರದು. ಅದರ ಪರವಾಗಿ ಮಾತನಾಡಬೇಕಾದವರು ಹೆತ್ತವರು. ಅವರ ಮಾತಿಗೆ ಕಿವಿಗೊಡಬೇಕಾದವರು ನಾವು.