ಯಾವ ತಂಡ ಮೇಲು?

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂರುಗಳ ಕಾಲೇಜು ತಂಡಗಳು ಹಾಕಿ ಆಡಿದವೆಂದು ಇಟ್ಟುಕೊಳ್ಳೋಣ. ಗೋಕಾಕದವರು ಮೂಡಲಗಿಯವರನ್ನು ಸೋಲಿಸಿದರು. ಮೂಡಲಗಿಯವರು ಹುಕ್ಕೇರಿಯವರನ್ನು ಸೋಲಿಸಿದರು. ಹುಕ್ಕೇರಿಯವರೋ ಗೋಕಾಕದವರನ್ನೇ ಸೋಲಿಸಿಬಿಟ್ಟರು. ಈಗ ಮೂವರಲ್ಲಿ ಮೇಲು ಯಾರು? ಚಹದ ಅಂಗಡಿಯಲ್ಲಿ ಈ ಪ್ರಶ್ನೆ ಎತ್ತಿದರೆ ಸಂಜೆಯಾದರೂ ವಾದ ಮುಗಿಯಲಾರದು.

ನಮ್ಮ ಕಡೆಯ ಮಂದಿಗೆ ಇದು ಹೊಸ ಪ್ರಶ್ನೆಯೇನೂ ಅಲ್ಲ. ಜಾತ್ರೆಯ ಕುಸ್ತಿಯಲ್ಲಿ ಯಾವ ಪೈಲವಾನನಿಗೆ ಯಾರು ಜೋಡಿ ಎಂಬುದನ್ನು ಬಲ್ಲ ಹಿರಿಯರು ಗೊತ್ತುಮಾಡುತ್ತಾರೆ. ಮೈಕಟ್ಟು, ವಯಸ್ಸು, ಹಿಂದಿನ ಕುಸ್ತಿಗಳು ಇವನ್ನೆಲ್ಲ ಅವರು ತೂಗಿನೋಡುತ್ತಾರೆ. ಹಿರಿಯರ ಕಣ್ಣು ಹಿಡಿಯುವುದನ್ನು ಲೆಕ್ಕದ ಪುಸ್ತಕ ಹಿಡಿಯಲಾರದು. ಆದರೆ ಆ ಕಣ್ಣಿಗೂ ತನ್ನ ತಾಲೀಮಿನ ಹುಡುಗನ ಮೇಲೆ ಒಂದಿಷ್ಟು ಹೆಚ್ಚು ಪ್ರೀತಿ ಇರುವುದು ಸಹಜ.

ಎಲ್ಲರೂ ಎಲ್ಲರೊಡನೆ ಆಡಿದರೆ ನಿರ್ಣಯ ಸುಲಭವಲ್ಲವೇ ಎಂದು ಕೇಳಬಹುದು. ಕೊಡಗಿನ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡಿರಿ. 1997ರಲ್ಲಿ 60 ಕುಟುಂಬಗಳಿಂದ ಮೊದಲಾದ ಆ ಹಬ್ಬದಲ್ಲಿ 2024ರಲ್ಲಿ 360 ಕುಟುಂಬಗಳು ಸೇರಿದ್ದವು. ಸೋತವರು ಹೊರಗೆ ಎಂಬ ನಿಯಮದಂತೆ ಆಡಿಸಿದರೆ 359 ಪಂದ್ಯಗಳಲ್ಲಿ ಒಬ್ಬ ವಿಜೇತ ಉಳಿಯುತ್ತಾನೆ. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಬೇಕೆಂದರೆ 64,620 ಪಂದ್ಯಗಳಾಗಬೇಕು! ದಿನಕ್ಕೆ ಇಪ್ಪತ್ತು ಪಂದ್ಯ ನಡೆಸಿದರೂ ಎಂಟು ವರ್ಷ ಮೀರುತ್ತದೆ. ಆದುದರಿಂದ ಸೋತವರು ಹೊರಗೆ ಎಂಬ ಪದ್ಧತಿಯೇ ಅನುಕೂಲ. ಆದರೆ ಅದರಲ್ಲೊಂದು ಕೊರತೆಯುಂಟು. ಮೊದಲನೆಯ ಸುತ್ತಿನಲ್ಲಿಯೇ ಪ್ರಬಲ ತಂಡ ಎದುರಾದರೆ, ಎರಡನೆಯ ಸ್ಥಾನಕ್ಕೆ ಯೋಗ್ಯವಾದ ತಂಡವೂ ಅಂದೇ ಗಂಟು ಕಟ್ಟಬೇಕಾಗುತ್ತದೆ.

ಅಮೆರಿಕದ ಕಾಲೇಜುಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಗೆ ಬಹಳ ಮನ್ನಣೆ. ಅಲ್ಲಿ ವರ್ಷದ ಕೊನೆಯ ರಾಷ್ಟ್ರೀಯ ಪಂದ್ಯಾವಳಿಗೆ ಪುರುಷರ ವಿಭಾಗದಲ್ಲಿ 16 ತಂಡಗಳಿಗೆ ಮಾತ್ರ ಅವಕಾಶ. ತಂಡಗಳ ತರತಮವನ್ನು ಅಲ್ಲಿ ಎರಡು ಬಗೆಯಾಗಿ ಅಳೆಯುತ್ತಾರೆ. ಒಂದು, ಬಲ್ಲವರ ಮತ. ತರಬೇತುದಾರರೂ ಪತ್ರಿಕೆಯವರೂ ವಾರಕ್ಕೊಮ್ಮೆ ತಮಗೆ ಸರಿತೋರಿದ 20 ತಂಡಗಳನ್ನು ಸಾಲಾಗಿ ಬರೆಯುತ್ತಾರೆ. ಮೊದಲನೆಯದಕ್ಕೆ 20 ಅಂಕ, ಕೊನೆಯದಕ್ಕೆ ಒಂದು. ಎಲ್ಲರ ಅಂಕಗಳನ್ನೂ ಕೂಡಿಸಿ ಪಟ್ಟಿ ಪ್ರಕಟಿಸುತ್ತಾರೆ. ಪಟ್ಟಿ ಬಂದ ದಿನ ಊರೂರಲ್ಲಿ ಚರ್ಚೆಯೋ ಚರ್ಚೆ. ಆದರೆ ಪಂದ್ಯಾವಳಿಗೆ ತಂಡಗಳನ್ನು ಆರಿಸುವಾಗ ಈ ಮತಕ್ಕೆ ಬೆಲೆಯಿಲ್ಲ. ತಮ್ಮ ತಮ್ಮ ಗುಂಪಿನಲ್ಲಿ ಪ್ರಶಸ್ತಿ ಗೆದ್ದವರು ನೇರವಾಗಿ ಬರುತ್ತಾರೆ. ಉಳಿದ ಸ್ಥಾನಗಳನ್ನು ಗಣಕಯಂತ್ರದ ಲೆಕ್ಕ ತುಂಬುತ್ತದೆ.

ಈ ಲೆಕ್ಕದ ತಿರುಳು ಇಷ್ಟೇ: ಎಷ್ಟು ಗೆದ್ದಿರಿ ಎಂಬುದರ ಜೊತೆಗೆ ಯಾರನ್ನು ಗೆದ್ದಿರಿ ಎಂಬುದನ್ನೂ ಕೇಳಬೇಕು. ಮೂಡಲಗಿಯ ತಂಡ ನೆರೆಯ ಸಣ್ಣ ತಂಡಗಳೊಡನೆ ಹತ್ತು ಪಂದ್ಯವಾಡಿ ಎಂಟು ಗೆದ್ದಿತೆನ್ನಿ. ಹುಕ್ಕೇರಿಯ ತಂಡ ಬೆಳಗಾವಿ, ಧಾರವಾಡಗಳ ಗಟ್ಟಿ ತಂಡಗಳೊಡನೆ ಹತ್ತಾಡಿ ಆರು ಗೆದ್ದಿತೆನ್ನಿ. ಬರಿಯ ಎಣಿಕೆಯಲ್ಲಿ ಮೂಡಲಗಿ ಮುಂದೆ. ಎದುರಾಳಿಗಳ ಬಲವನ್ನೂ, ಆ ಎದುರಾಳಿಗಳು ಯಾರೊಡನೆ ಆಡಿದರೆಂಬುದನ್ನೂ ಸೇರಿಸಿದರೆ ಹುಕ್ಕೇರಿ ಮುಂದಾಗಬಹುದು.

ಇನ್ನೊಂದು ಪ್ರಸಿದ್ಧ ವಿಧಾನ ಚದುರಂಗದಿಂದ ಬಂದದ್ದು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅರ್ಪಾದ್ ಎಲೋ ಎಂಬವರು ಇದನ್ನು ರೂಪಿಸಿದರು. 1960ರಲ್ಲಿ ಅಮೆರಿಕದ ಚದುರಂಗ ಸಂಘವೂ 1970ರಲ್ಲಿ ವಿಶ್ವ ಚದುರಂಗ ಸಂಸ್ಥೆಯೂ ಅದನ್ನು ಒಪ್ಪಿಕೊಂಡವು. ಪ್ರತಿಯೊಬ್ಬ ಆಟಗಾರನ ಹೆಸರಿನಲ್ಲಿ ಇಷ್ಟು ಅಂಕಗಳೆಂದು ಇರುತ್ತದೆ. ಗೆದ್ದವನಿಗೆ ಸೋತವನ ಅಂಕ ಕೆಲವು ಬರುತ್ತವೆ. ಒಂದು ಆಟಕ್ಕೆ 20 ಅಂಕ ಪಣವೆಂದೂ, ಇಬ್ಬರ ನಡುವೆ 200 ಅಂಕಗಳ ಅಂತರವಿದೆಯೆಂದೂ ಇಟ್ಟುಕೊಳ್ಳಿರಿ. ಬಲಿಷ್ಠನು ಗೆದ್ದರೆ ಅವನಿಗೆ ದೊರೆಯುವುದು ಸುಮಾರು 5 ಅಂಕ. ದುರ್ಬಲನು ಗೆದ್ದರೆ ಸುಮಾರು 15. ಅಂತರರಾಷ್ಟ್ರೀಯ ಹಾಕಿ ಒಕ್ಕೂಟವೂ 2020ರಿಂದ ದೇಶಗಳ ತಂಡಗಳಿಗೆ ಇಂಥದೇ ಲೆಕ್ಕವನ್ನು ಅನುಸರಿಸುತ್ತಿದೆ.

ಹಾಗಾದರೆ ಯಂತ್ರ ನಿಷ್ಪಕ್ಷಪಾತಿಯೇ? ಊರಿನ ಅಭಿಮಾನ ಅದಕ್ಕಿಲ್ಲ, ನಿಜ. ಆದರೆ ಯಾವುದಕ್ಕೆ ಎಷ್ಟು ತೂಕವೆಂದು ಅದಕ್ಕೆ ಹೇಳಿಕೊಡುವವರು ಮನುಷ್ಯರೇ. ಮುಖ್ಯ ಆಟಗಾರನ ಕಾಲು ಉಳುಕಿದ್ದು ಹೆಚ್ಚಿನ ಲೆಕ್ಕಗಳಿಗೆ ತಿಳಿಯದು, ಹಿರಿಯರಿಗೆ ತಿಳಿದಿರುತ್ತದೆ. ನಾವು ಮೊದಲು ಹೇಳಿದ ಮೂರೂರುಗಳ ಗಂಟನ್ನಂತೂ ಯಂತ್ರವೂ ಬಿಡಿಸಲಾರದು. ಮೂವರೂ ಬೇರೆ ಊರುಗಳ ತಂಡಗಳೊಡನೆ ಆಡಿದ್ದರೆ ಮಾತ್ರ ಅದಕ್ಕೆ ಹೇಳಲು ಏನಾದರೂ ಇರುತ್ತದೆ.

ನಮ್ಮ ಊರುಗಳಿಗೆ ಸಂಬಂಧಿಸಿದ ಮಾತು ಇರುವುದು ಇಲ್ಲಿಯೇ. ಬೆಳಗಾವಿಯ ಬಂಡು ಪಾಟೀಲರು 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದಲ್ಲಿದ್ದರು. ಅಂಥ ಕಸುವು ತಾಲ್ಲೂಕಿನ ಮೈದಾನದಲ್ಲಿಯೂ ಇರಬಹುದು. ಆದರೆ ಅಲ್ಲಲ್ಲಿಯೇ ಆಡಿಕೊಂಡಿರುವ ತಂಡ ಮತ ಹಾಕುವವರ ಕಣ್ಣಿಗೂ ಬೀಳದು, ಲೆಕ್ಕಕ್ಕೂ ಸಿಗದು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದಾಗಿನಿಂದ ಈ ಭಾಗದ ಕಾಲೇಜುಗಳಿಗೆ ಅದೇ ಸಮೀಪದ ಅಂಗಳ. ಹುಡುಗ ಹುಡುಗಿಯರನ್ನು ಬಸ್ಸು ಹತ್ತಿಸಿ ತಮಗಿಂತ ಬಲವಾದ ತಂಡಗಳೊಡನೆ ಆಡಿಸಬೇಕು. ಸೋತರೂ ಚಿಂತೆಯಿಲ್ಲ; ಬಲಿಷ್ಠರೆದುರು ಸೋತರೆ ಈ ಲೆಕ್ಕದಲ್ಲಿ ಕಳೆದುಕೊಳ್ಳುವುದು ಅಲ್ಪ.

ಜೊತೆಗೆ ಪ್ರತಿ ಕಾಲೇಜಿನಲ್ಲಿಯೂ ಒಂದು ವಹಿ ಇರಲಿ. ಯಾವ ದಿನ, ಯಾವ ಊರಲ್ಲಿ, ಯಾರೊಡನೆ ಆಡಿದೆವು, ಎಷ್ಟು ಗೋಲು ಹೊಡೆದೆವು, ಎಷ್ಟು ಬಿಟ್ಟುಕೊಟ್ಟೆವು ಎಂಬುದನ್ನು ತಪ್ಪದೆ ಬರೆದಿಡಲಿ. ಆಯ್ಕೆಯ ದಿನ ಹಿರಿಯರು ತಮ್ಮ ಕಣ್ಣಿನ ಜೊತೆಗೆ ಆ ವಹಿಯನ್ನೂ ತೆರೆದುನೋಡಿದರೆ, ಮೂಡಲಗಿಯ ಹುಡುಗಿಗಾಗಲಿ ಹುಕ್ಕೇರಿಯ ಹುಡುಗನಿಗಾಗಲಿ ಅನ್ಯಾಯವಾಗುವ ಸಂಭವ ಕಡಮೆ.