ಗೋಡೆಯ ಹಿಂದಿನ ಸಂಸಾರ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಮಳೆಕಾಡಿನ ಹಕ್ಕಿಗಳ ಮದುವೆ ಮತ್ತು ಮನೆ, ಇದು ವಾಚನಾಲಯದ ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ. ಕಾಡಿನಲ್ಲಿ ಹಕ್ಕಿಗಳ ಜಾತಿ ನೂರಾರು, ನಮಗಿರುವ ವೇಳೆಯೋ ಮುಕ್ಕಾಲು ಗಂಟೆ. ಆದ್ದರಿಂದ ಎಲ್ಲ ಹಕ್ಕಿಗಳ ಹೆಸರನ್ನು ಒಪ್ಪಿಸುವ ಬದಲು ಒಂದೇ ಹಕ್ಕಿಯ ಸಂಸಾರವನ್ನು ಹತ್ತಿರದಿಂದ ನೋಡೋಣ. ಅದು ನಮ್ಮ ಸಹ್ಯಾದ್ರಿಯ ಮಂಗಟ್ಟೆ. ಮುಂಬಯಿಯ ನಮ್ಮ ಮರಾಠಿ ನೆರೆಯವರು ಇದನ್ನು ಧನೇಶ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್.

ಭಾರತದಲ್ಲಿ ಮಂಗಟ್ಟೆಯ 9 ಜಾತಿಗಳಿವೆ. ಎಲ್ಲಕ್ಕೂ ದೊಡ್ಡದನ್ನು ದೊಡ್ಡ ಮಂಗಟ್ಟೆ ಎನ್ನೋಣ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 4 ಅಡಿ. ಕಪ್ಪು ಬಿಳುಪು ಮೈ, ಬಾಗಿದ ಹಳದಿ ಕೊಕ್ಕು, ಆ ಕೊಕ್ಕಿನ ಮೇಲೆ ಟೊಪ್ಪಿಗೆ ಇಟ್ಟಂತೆ ಒಂದು ಉಬ್ಬು. ಉತ್ತರ ಕನ್ನಡ, ಕೊಡಗುಗಳ ಕಾಡಿನ ಕಡೆಯಿಂದ ಬಂದವರಿಗೆ ಇದರ ರೆಕ್ಕೆಯ ಸದ್ದು ಮರೆತಿರಲಾರದು. ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳುತ್ತದೆ. ಹಿಂದಿನ ಕಾಲದ ಹೊಗೆಗಾಡಿ ಘಟ್ಟ ಹತ್ತುವಾಗ ಉಸಿರು ಬಿಡುತ್ತಿತ್ತಲ್ಲ, ಅದೇ ಬಗೆ.

ಈ ಹಕ್ಕಿಯ ಶೃಂಗಾರಸಾಧನವನ್ನು ಮೊದಲು ಹೇಳಬೇಕು. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯೊಂದಿದೆ. ಅದರಿಂದ ಬರುವ ಹಳದಿ ಎಣ್ಣೆಯನ್ನು ಹಕ್ಕಿ ತನ್ನ ಕೊಕ್ಕಿಗೂ, ಕುತ್ತಿಗೆ ಮತ್ತು ರೆಕ್ಕೆಗಳ ಬಿಳಿಯ ಗರಿಗಳಿಗೂ ತಿಕ್ಕಿಕೊಳ್ಳುತ್ತದೆ. ಅರಿಸಿನ ಹಚ್ಚುವ ಶಾಸ್ತ್ರ ನಮ್ಮಲ್ಲಿ ಮಾತ್ರವೇ ಉಂಟೆಂದು ತಿಳಿಯಬೇಡಿ! ಗಂಡು ಹೆಣ್ಣುಗಳನ್ನು ಕಣ್ಣಿನಿಂದ ಗುರುತಿಸಬಹುದು. ಗಂಡಿನ ಕಣ್ಣು ಕೆಂಪು, ಹೆಣ್ಣಿನ ಕಣ್ಣು ಬಿಳುಪು.

ಚಳಿಗಾಲ ಮುಗಿಯುತ್ತ ಬಂದಂತೆ ಜೋಡಿಗಳು ಗೂಡಿನ ಮರದ ಸುತ್ತ ಸುಳಿಯತೊಡಗುತ್ತವೆ. ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ, ಕಾಡೆಲ್ಲ ಮೊಳಗುತ್ತದೆ. ಗಂಡುಗಂಡುಗಳ ನಡುವೆ ಕಾಳಗವೂ ಉಂಟು. ಎದುರುಬದುರಾಗಿ ಹಾರಿಬಂದು ಆಕಾಶದಲ್ಲೇ ಟೊಪ್ಪಿಗೆಗೆ ಟೊಪ್ಪಿಗೆಯನ್ನು ಡಿಕ್ಕಿ ಹೊಡೆಯುತ್ತವೆ. ಆದರೆ ಹೆಣ್ಣಿನ ಮುಂದೆ ಈ ಪರಾಕ್ರಮವೆಲ್ಲ ಇಲ್ಲ. ಗಂಡು ಮಾಗಿದ ಹಣ್ಣೊಂದನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ಹತ್ತಿರ ಬಂದು ಕುಳಿತು, ಹೆಣ್ಣಿನ ಬಾಯಿಗೆ ಕೊಡುತ್ತದೆ. ಹೀಗೆ ಮತ್ತೆ ಮತ್ತೆ. ಇದನ್ನು ಬರಿಯ ಉಪಚಾರವೆನ್ನುವುದಕ್ಕಿಂತ ಮುಂದಿನ ತಿಂಗಳುಗಳ ಕೆಲಸಕ್ಕೆ ತಕ್ಕ ಪೀಠಿಕೆ ಎನ್ನಬಹುದು. ಏಕೆಂದರೆ ಮುಂದೆ ಆ ಹೆಣ್ಣಿನ ಊಟವೆಲ್ಲ ಈ ಒಂದು ಕೊಕ್ಕಿನಿಂದಲೇ ಬರಬೇಕು.

ಮಂಗಟ್ಟೆಗೆ ಅಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗನಂತೆ ಮರ ಕೊರೆಯಲು ಬರುವುದಿಲ್ಲ. ಮುಪ್ಪಾದ ಹೆಮ್ಮರದ ಒಡಲು ಕೊಳೆತು ತಾನಾಗಿ ಆದ ಪೊಟರೆಯೇ ಅದಕ್ಕೆ ಬೇಕು. ಹೆಣ್ಣು ಆ ಪೊಟರೆಯನ್ನು ಹೊಕ್ಕು ಬಾಗಿಲನ್ನು ಮುಚ್ಚುತ್ತದೆ. ಗಾರೆ ಯಾವುದು? ಮುಖ್ಯವಾಗಿ ತನ್ನದೇ ಹಿಕ್ಕೆ, ಅದರೊಡನೆ ಹಣ್ಣಿನ ತಿರುಳು ಮೊದಲಾದವು. ಕೊಕ್ಕಿನ ಮಗ್ಗುಲನ್ನೇ ಕರಣೆ ಮಾಡಿಕೊಂಡು ತಟ್ಟಿ ತಟ್ಟಿ ಮೆತ್ತುತ್ತದೆ. ಒಣಗಿದ ಮೇಲೆ ಅದು ಗಟ್ಟಿ ಗೋಡೆ. ನಡುವೆ ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ.

ಗಂಡು ಹೆಣ್ಣನ್ನು ಸೆರೆಯಲ್ಲಿಟ್ಟು ಗೋಡೆ ಕಟ್ಟುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಇದು ಸರಿಯಲ್ಲ. ದೊಡ್ಡ ಮಂಗಟ್ಟೆಯಲ್ಲಿ ಮೆತ್ತುವ ಕೆಲಸ ಹೆಚ್ಚಾಗಿ ಒಳಗಿನ ಹೆಣ್ಣಿನದೇ. ಒಡೆಯುವ ಶಕ್ತಿಯೂ ಅದಕ್ಕಿದೆ. ಕಾಲ ಬಂದಾಗ ತಾನೇ ಒಡೆದು ಹೊರಬರುತ್ತದೆ. ಮರ ಹತ್ತುವ ಬೇಟೆಗಾರ ಪ್ರಾಣಿಗಳಿಂದಲೂ, ಪೊಟರೆಗಾಗಿ ಹೊಂಚುವ ಬೇರೆ ಮಂಗಟ್ಟೆಗಳಿಂದಲೂ ಮೊಟ್ಟೆಯನ್ನು ಕಾಯಲು ಈ ಗೋಡೆ ಎಂದು ಬಲ್ಲವರು ಊಹಿಸುತ್ತಾರೆ. ಹಾಗಾದರೆ ಅದು ಸೆರೆಮನೆಯಲ್ಲ, ಒಳಗಿನಿಂದ ಅಗಳಿ ಹಾಕಿಕೊಂಡ ಮನೆ.

ಒಳಗೆ ಒಂದೋ ಎರಡೋ ಮೊಟ್ಟೆ. ಕಾವಿನ ಅವಧಿ 38ರಿಂದ 40 ದಿನ. ಈ ಏಕಾಂತದಲ್ಲೇ ಹೆಣ್ಣು ತನ್ನ ರೆಕ್ಕೆ ಬಾಲಗಳ ಹಳೆಯ ಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಅಂದರೆ ಕೆಲವು ಕಾಲ ಬಾಗಿಲು ಒಡೆದರೂ ಅದು ಚೆನ್ನಾಗಿ ಹಾರಲಾರದು. ಇಲ್ಲಿಯೇ ಈ ಸಂಸಾರದ ಮರ್ಮವಿದೆ. ಹೊರಗಿರುವವನು ಬಂದೇ ಬರುತ್ತಾನೆ ಎಂಬ ಒಂದೇ ನಂಬಿಕೆಯ ಮೇಲೆ ಹೆಣ್ಣು ತನ್ನ ರೆಕ್ಕೆಗಳನ್ನು ಬಿಟ್ಟುಕೊಡುತ್ತದೆ.

ಅವನು ಬರುತ್ತಾನೆ. ಅತ್ತಿ, ಆಲ, ಬಸರಿಗಳ ಹಣ್ಣು, ಕಾಡು ಜಾಯಿಕಾಯಿ, ರಾಮಪತ್ರೆಗಳನ್ನು ಗಂಟಲಿನಲ್ಲಿ ತುಂಬಿಕೊಂಡು ದಿನಕ್ಕೆ ಹಲವು ಸಲ ಬರುತ್ತಾನೆ. ಕಾಂಡಕ್ಕೆ ಅಂಟಿ ಕುಳಿತು, ಕತ್ತು ಕೊಡಹಿ, ಒಂದೊಂದಾಗಿ ಹಣ್ಣನ್ನು ಮೇಲಕ್ಕೆ ತಂದು ಸೀಳಿನೊಳಕ್ಕೆ ನೀಡುತ್ತಾನೆ. ಮರಿ ಒಡೆದ ಮೇಲೆ ಹಲ್ಲಿ, ಓತಿ, ಇಲಿ ಮುಂತಾದ ಮಾಂಸದ ಊಟವೂ ಸೇರುತ್ತದೆ. ಒಳಗೆ ಹೊಲಸು ನಿಲ್ಲದಂತೆ ಹೆಣ್ಣು ಹಿಕ್ಕೆಯನ್ನೂ ಬೀಜಗಳನ್ನೂ ಸೀಳಿನಿಂದ ಹೊರಗೆ ಚಿಮ್ಮಿಸುತ್ತದೆ. ಮರದ ಬುಡದಲ್ಲಿ ಸಸಿಗಳು ಏಳುತ್ತವೆ. ದೂರದೂರ ಹಾರುವ ಈ ಹಕ್ಕಿ ದಾರಿಯುದ್ದಕ್ಕೂ ಕಾಡನ್ನು ಬಿತ್ತುತ್ತದೆ.

ಎರಡು ಮೂರು ತಿಂಗಳಾದ ಮೇಲೆ, ಮರಿ ತಕ್ಕಷ್ಟು ಬಲಿತಾಗ, ತಾಯಿ ಗೋಡೆ ಒಡೆದು ಹೊರಬರುತ್ತದೆ. ಮರಿ ಒಳಗಿನಿಂದ ಮತ್ತೆ ಬಾಗಿಲನ್ನು ಮೆತ್ತಿಕೊಳ್ಳುತ್ತದೆ! ಯಾರು ಕಲಿಸಿದರು? ಯಾರೂ ಇಲ್ಲ. ಅಲ್ಲಿಂದ ತಾಯಿತಂದೆ ಇಬ್ಬರೂ ದುಡಿದು ಒಂದು ಮರಿಯನ್ನು ಸಾಕುತ್ತವೆ.

ಈಗ ಯೋಚಿಸಿ. ಆ ತಿಂಗಳುಗಳಲ್ಲಿ ಬೇಟೆಗಾರನೊಬ್ಬ ಗಂಡನ್ನು ಹೊಡೆದರೆ ಬೀಳುವುದು ಒಂದೇ ಹಕ್ಕಿಯಲ್ಲ. ಸಾಮಾನ್ಯವಾಗಿ ಆ ವರ್ಷದ ಗೂಡೇ ಹಾಳು. ನಗರದಲ್ಲಿ ದುಡಿದು ಊರಿಗೆ ಹಣ ಕಳುಹಿಸುವ ನಮ್ಮಂಥವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿರುವ ಒಬ್ಬನ ಕೈಗೆ ಪೆಟ್ಟಾದರೆ ಒಲೆ ಆರುವುದು ಇನ್ನೆಲ್ಲೋ.

ಮುಂಬಯಿಗೂ ಈ ಹಕ್ಕಿಗೂ ಹಳೆಯ ನಂಟಿದೆ. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನವೇ ದೊಡ್ಡ ಮಂಗಟ್ಟೆ. ಕೋಟೆ ಪ್ರದೇಶದಲ್ಲಿ ಲಯನ್ ಗೇಟಿನ ಎದುರಿಗಿರುವ ಅದರ ಕಟ್ಟಡಕ್ಕೆ ಹಾರ್ನ್‌ಬಿಲ್ ಹೌಸ್ ಎಂದೇ ಹೆಸರು. 1894ರ ಮೇ ತಿಂಗಳಲ್ಲಿ ಹುಟ್ಟಿದ ಒಂದು ಮರಿಯನ್ನು, ಮೂರು ತಿಂಗಳ ಪ್ರಾಯದಲ್ಲಿ, ಕಾರವಾರದ ದೊರೆಯೊಬ್ಬರು ಸೊಸೈಟಿಗೆ ಕಾಣಿಕೆ ಕೊಟ್ಟರು. ಅದಕ್ಕೆ ವಿಲಿಯಂ ಎಂದು ಹೆಸರಾಯಿತು. 26 ವರ್ಷ ಅದು ಕಚೇರಿಯಲ್ಲಿ ಕಾರ್ಯದರ್ಶಿಯ ಕುರ್ಚಿಯ ಹಿಂದಿನ ಪಂಜರದಲ್ಲಿ ಬಾಳಿತು. ಮೂವತ್ತು ಅಡಿ ದೂರದಿಂದ ಎಸೆದ ಟೆನ್ನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ. 1920ರಲ್ಲಿ ತಂತಿಯ ತುಂಡೊಂದನ್ನು ನುಂಗಿ ಸತ್ತಿತಂತೆ. ಎಲ್ಲರೂ ಅದನ್ನು ಪ್ರೀತಿಸಿದರು, ನಿಜ. ಆದರೂ ಹಣ್ಣು ತಂದು ಗೋಡೆಯ ಸೀಳಿಗೆ ನೀಡಲೆಂದು ರೂಪಗೊಂಡ ಆ ಕೊಕ್ಕು ತನ್ನ ಜೀವಮಾನವೆಲ್ಲ ಚೆಂಡು ಹಿಡಿಯಿತು ಎಂಬುದನ್ನು ನೆನೆದರೆ ಮನಸ್ಸಿಗೆ ಏನೋ ಆಗುತ್ತದೆ. ನಮ್ಮ ಕಾರವಾರದ ಕಡೆಯಿಂದ ಮುಂಬಯಿಗೆ ಬಂದು ಮರಳಿ ಹೋಗದವರಲ್ಲಿ ಅದೂ ಒಂದು.

ಇಂದಿನ ಸ್ಥಿತಿ ಏನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಹಕ್ಕಿಯನ್ನು ಕೊಲ್ಲುವುದು ಅಪರಾಧ. ಕಾಳಿ ನದಿಯ ದಂಡೆಯಲ್ಲಿ, ದಾಂಡೇಲಿಯ ಬಳಿ, ಕರ್ನಾಟಕ ಸರ್ಕಾರ 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಒಂದು ಸಂರಕ್ಷಣಾ ಪ್ರದೇಶವನ್ನು ಗೊತ್ತುಮಾಡಿತು. ಸಹ್ಯಾದ್ರಿಯ ನಾಲ್ಕು ಜಾತಿಯ ಮಂಗಟ್ಟೆಗಳನ್ನೂ ಅಲ್ಲಿ ಕಾಣಬಹುದು. ಆದರೂ 2018ರಿಂದ ದೊಡ್ಡ ಮಂಗಟ್ಟೆಯ ಹೆಸರು ಅಪಾಯಕ್ಕೆ ಗುರಿಯಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಕಾಡು ಕಡಿಯುವಾಗ ಮೊದಲು ಹೋಗುವುದು ಹಳೆಯ ಹೆಮ್ಮರ. ಪೊಟರೆ ಬಿದ್ದ ಮರ ಮರದ ವ್ಯಾಪಾರಿಗೆ ನಿಷ್ಪ್ರಯೋಜಕ; ಮಂಗಟ್ಟೆಗೆ ಬೇಕಾದದ್ದು ಅದೊಂದೇ. ಸಸಿ ನೆಟ್ಟರೆ ಕಾಡು ಬರಬಹುದು, ಪೊಟರೆ ಬರಲು ನೂರಾರು ವರ್ಷ ಬೇಕು.

ಅರುಣಾಚಲದ ಪಕ್ಕೆ ಕಾಡಿನ ಸುತ್ತಲಿನ ನಿಶಿ ಜನರು ಹಿಂದೆ ಮಂಗಟ್ಟೆಯ ಕೊಕ್ಕನ್ನು ತಮ್ಮ ತಲೆಯುಡುಗೆಗೆ ಸಿಕ್ಕಿಸುತ್ತಿದ್ದರು. ಈಗ ಅದರ ಬದಲು ಫೈಬರ್‌ಗ್ಲಾಸಿನ ಕೊಕ್ಕು ಬಂದಿದೆ. ಸುಮಾರು 2011-12ರಿಂದ ಅಲ್ಲಿ ಒಂದು ಏರ್ಪಾಡು ನಡೆದಿದೆ. ನಗರದವರು ಹಣ ಕೊಡುತ್ತಾರೆ. ಆ ಹಣದಿಂದ ಹಳ್ಳಿಯ ಜನರೇ ಸಂಬಳ ಪಡೆದು ಗೂಡುಗಳನ್ನು ಕಾಯುತ್ತಾರೆ. ಕಾಯುವವರಲ್ಲಿ ಹಿಂದೆ ಬೇಟೆಯಾಡುತ್ತಿದ್ದವರೂ ಇದ್ದಾರೆ. ಹೊಡೆಯಲು ಗೂಡಿನ ಮರವನ್ನು ಗುರುತಿಟ್ಟವನಿಗಿಂತ ಕಾಯಲು ಬಲ್ಲವನು ಬೇರೆ ಯಾರು?

ರಜೆಯಲ್ಲಿ ಊರಿಗೆ ಹೋಗುವವರಿಗೆ ನನ್ನದೊಂದು ಬಿನ್ನಹ. ಮಾಘದಿಂದ ವೈಶಾಖದವರೆಗೆ ಕಾಡಿನ ಕಡೆ ಹೋದರೆ, ಒಂಟಿ ಮಂಗಟ್ಟೆಯೊಂದು ಗಂಟಲು ತುಂಬಿಕೊಂಡು ಒಂದೇ ದಿಕ್ಕಿಗೆ ಹಾರುವುದನ್ನು ಕಂಡರೆ, ಅದರ ಬೆನ್ನು ಹತ್ತಬೇಡಿ. ಜನ ಹತ್ತಿರವಿದ್ದರೆ ಅದು ಗೂಡಿಗೆ ಇಳಿಯಲು ಅಂಜುತ್ತದೆ, ಒಳಗಿನವರು ಹಸಿದಿರುತ್ತಾರೆ. ದೂರ ನಿಂತು ನೋಡಿ. ಹಿತ್ತಲಿನ ಅಂಚಿನಲ್ಲಿ ಪೊಟರೆ ಬಿದ್ದ ಹಳೆಯ ಮರವಿದ್ದು, ಅದನ್ನು ಸೌದೆಗೆ ಕಡಿಯುವ ಮಾತು ಬಂದರೆ, ಇನ್ನಷ್ಟು ವರ್ಷ ಇರಲಿ ಎಂದು ಮನೆಯವರಿಗೆ ಹೇಳಿ.